ಹನ್ನೊಂದು ಸಾವಿರ ಹೆಜ್ಜೆಗಳಲ್ಲಿ ಎಂಟು

ಉನೈಸಿ ನಮ್ಮ ಕಾರ್ಯಾಗಾರಕ್ಕೆ ಮೊದಲ ಸಲ ಬಂದದ್ದು ಒಂದು ಕಾಲನ್ನು ವಾಪಸು ಕೊಡಲು.

ಅದನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದಳು. ನಾನು ಪ್ಲಾಸ್ಟರ್ ಕಲಸುತ್ತಿದ್ದೆ. ಕೈ ಒರೆಸಿಕೊಂಡು ಚೀಲ ಬಿಚ್ಚಿದರೆ ಒಳಗಿದ್ದದ್ದು ನಾನೇ ಮಾಡಿದ ಕಾಲು, ಎರಡು ವರ್ಷ ಹಳೆಯದು. ಅಭ್ಯಾಸಬಲದಿಂದ ತಿರುಗಿಸಿ ಅಂಗಾಲು ನೋಡಿದೆ. ಒಂದಿಷ್ಟೂ ಸವೆದಿರಲಿಲ್ಲ.

"ಅಮ್ಮ ತೀರ್ಕೊಂಡ್ರು. ಬೇರೆ ಯಾರಿಗಾದ್ರೂ ಆಗುತ್ತೇನೋ ಅಂತ ತಂದೆ."

"ಅಳತೆ ಸರಿ ಬಂದಿರ್ಲಿಲ್ವಾ?" ಅಂತ ಕೇಳಿದೆ.

"ಅಳತೆ ಸರಿಯಾಗೇ ಇತ್ತು ಭೈಯಾ. ಇಲ್ಲಿ ಆಸ್ಪತ್ರೆ ಪಡಸಾಲೆಯಲ್ಲಿ ಎಷ್ಟು ಚೆನ್ನಾಗಿ ನಡೆದ್ರು ಗೊತ್ತಾ? ನರ್ಸುಗಳೆಲ್ಲ ಚಪ್ಪಾಳೆ ಹೊಡೆದ್ರು. ನಮ್ಮನೇಲಿ ಪಡಸಾಲೆ ಇಲ್ಲ, ಅಷ್ಟೆ."

ದೂರುವ ದನಿ ಅದಾಗಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದ್ದಳು.

ಮೂವತ್ತೊಂದು ವರ್ಷ ನಾನು ಸುವಾ ಪಟ್ಟಣದ ಆಸ್ಪತ್ರೆಯ ಆ ತಗಡಿನ ಮಾಡಿನ ಕೆಳಗೆ ಕೃತಕ ಕಾಲು ಮಾಡಿದ್ದೇನೆ. ಹೆಸರು ಮಣಿಯಂ. ನನ್ನ ತಾತ ಕಬ್ಬು ಕಡಿಯಲು ಈ ದ್ವೀಪಕ್ಕೆ ಬಂದವನು. ನನ್ನ ಪಾಲಿಗೆ ಬಂದದ್ದು ಪ್ಲಾಸ್ಟರು, ಅಂಟು, ಗರಗಸ. ಸಕ್ಕರೆ ಕಾಯಿಲೆಯಲ್ಲಿ ಕಾಲು ಕಳೆದುಕೊಂಡವರು ನಮ್ಮಲ್ಲಿ ಎಷ್ಟು ಜನ ಅಂದರೆ ಬೆಂಚಿನಲ್ಲಿ ಕೂರಲು ಜಾಗ ಸಾಲುತ್ತಿರಲಿಲ್ಲ. ನಮ್ಮ ಯಜಮಾನ ಅಪೆನಿಸಾ ಕಂಡಾವು ದ್ವೀಪದವನು. ಬಾಗಿಲಲ್ಲಿ ನಿಂತರೆ ಬೆಳಕೇ ನಿಂತು ಹೋಗುವಂಥ ಆಳು. ಅವತ್ತು ಅವನು ಬಾಗಿಲಲ್ಲೇ ನಿಂತು ನಮ್ಮ ಮಾತು ಕೇಳಿಸಿಕೊಂಡಿದ್ದ.

"ಈಗೇನು ಮಾಡ್ಕೊಂಡಿದೀಯಾ?" ಅಂತ ಅವಳನ್ನು ಕೇಳಿದ.

ಏನೂ ಇಲ್ಲ ಅಂದಳು. ಲವುಥಾಲ ಕೊಲ್ಲಿಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಗಣಿತ ಓದಿದ್ದಳು. ತಾಯಿಗೆ ಕಾಯಿಲೆ ಹೆಚ್ಚಾದಾಗ ಬಿಟ್ಟು ಒವಲಾವು ದ್ವೀಪದ ಮನೆಗೆ ಹೋದಳು. ಎಂಟು ವರ್ಷ ತಾಯಿಯನ್ನು ನೋಡಿಕೊಂಡಳು. ಈಗ ತಾಯಿ ಇಲ್ಲ, ಓದೂ ಇಲ್ಲ, ವಯಸ್ಸು ಮೂವತ್ತು ದಾಟಿದೆ.

"ನಮ್ಮ ರೋಗಿಗಳ ರಿಜಿಸ್ಟರು ಯಾರ ಕೈಲೂ ನೆಟ್ಟಗೆ ಬರ್ದಿಡೋಕೆ ಆಗ್ತಿಲ್ಲ. ಮಣಿ ಬರೆದ್ರೆ ಮಣಿಗೇ ಓದೋಕಾಗಲ್ಲ," ಅಂದ ಅಪೆನಿಸಾ. "ಸೋಮವಾರ ಬಾ."

ಹಾಗೆ ಅವಳು ನಮ್ಮವಳಾದಳು. ಮಾತು ಕಡಿಮೆ. ಮಧ್ಯಾಹ್ನ ಎಲ್ಲರೂ ಹೊರಗೆ ಮಾವಿನ ಮರದ ಕೆಳಗೆ ಕೂತರೆ ಇವಳು ಮರಗೆಣಸಿನ ಡಬ್ಬಿ ತೆರೆದುಕೊಂಡು ಬೆಂಚಿನಲ್ಲಿ ಕಾಯುತ್ತಿದ್ದವರ ಪಕ್ಕ ಕೂರುತ್ತಿದ್ದಳು. ನಾವೆಲ್ಲ ರೋಗಿಗಳನ್ನು ಕೇಳುತ್ತಿದ್ದದ್ದು ಎಲ್ಲಿ ನೋಯುತ್ತೆ ಅಂತ. ಅವಳು ಕೇಳುತ್ತಿದ್ದದ್ದು ಎಲ್ಲಿ ನಡೀತೀರಿ ಅಂತ. ಉತ್ತರಗಳನ್ನು ರಿಜಿಸ್ಟರಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದಳು. ಒಂದು ಸಲ ಅಪೆನಿಸಾ ಅದನ್ನು ಓದಿ, "ಇದೇನು, 'ಹಂದಿಗೂಡಿನ ತನಕ, ದಾರಿಯಲ್ಲಿ ಎರಡು ಬೇಲಿ' ಅಂತ ಬರ್ದಿದೀಯಾ? ಹಂದಿಗೂ ಕಾಲು ಮಾಡ್ಬೇಕಾ?" ಅಂದ. ಅವಳು ನಕ್ಕಳು, ಆದರೆ ಬರೆಯುವುದನ್ನು ಬಿಡಲಿಲ್ಲ.

ನಾಲ್ಕೈದು ವರ್ಷ ಕಳೆದ ಮೇಲೆ ಹೊರದೇಶದ ಉಪಕಾರಿಗಳು ಯಾರೋ ನಮಗೆ ಒಂದು ಕಂಪ್ಯೂಟರು, ಒಂದು ಪ್ರೋಗ್ರಾಂ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಆರು ಪೆಟ್ಟಿಗೆಗಳನ್ನು ಕಳಿಸಿದರು. ಪೆಟ್ಟಿಗೆಯನ್ನು ರೋಗಿಯ ತಾತ್ಕಾಲಿಕ ಕಾಲಿಗೆ ಕಟ್ಟಿ ಎರಡು ವಾರ ಮನೆಗೆ ಕಳಿಸಬೇಕು. ನೆಲ ಎಷ್ಟು ಒತ್ತಿತು, ಕಾಲು ಎಷ್ಟು ವಾಲಿತು ಅಂತ ಒಂದೊಂದು ಹೆಜ್ಜೆಯನ್ನೂ ಅದು ಬರೆದಿಡುತ್ತದೆ. ಆಮೇಲೆ ಕಂಪ್ಯೂಟರು ಆ ಹೆಜ್ಜೆಗಳ ಮೇಲೆ ಕಾಲುಗಳನ್ನು ಪರೀಕ್ಷೆ ಮಾಡುತ್ತದೆ. ಹಿಮ್ಮಡಿ ಎಷ್ಟು ದಪ್ಪ, ಮುಂಗಾಲಿಗೆ ಎಷ್ಟು ಪದರ, ಹರಡು ಎಷ್ಟು ಬಾಗಬೇಕು, ಹೀಗೆ ಒಂಬತ್ತು ಅಳತೆ ಸೇರಿದರೆ ಒಂದು ಕಾಲು. ಕಂಪ್ಯೂಟರಿನ ಒಳಗೇ ಇನ್ನೂರು ಕಾಲು ಹುಟ್ಟುತ್ತವೆ. ಕೆಟ್ಟವನ್ನು ಬಿಸಾಡಿ, ಒಳ್ಳೆಯವುಗಳಲ್ಲಿ ಒಂದರ ಹಿಮ್ಮಡಿಗೆ ಇನ್ನೊಂದರ ಮುಂಗಾಲು ಕೂಡಿಸಿ ಹೊಸ ಇನ್ನೂರು ಮಾಡುತ್ತದೆ. ಹೀಗೆ ಮುನ್ನೂರು ಸುತ್ತು. ಕೊನೆಗೆ ಉಳಿದ ಒಂದು ಕಾಲಿನ ಅಳತೆಯನ್ನು ಹಾಳೆಯಲ್ಲಿ ಅಚ್ಚು ಹಾಕಿ ನನ್ನ ಕೈಗೆ ಕೊಡುತ್ತದೆ. ನಾನು ಮಾಡಬೇಕು.

ಅದನ್ನು ನಡೆಸಲು ಕಲಿತವಳು ಉನೈಸಿ ಒಬ್ಬಳೇ. ನನಗೆ ಆ ಪರದೆ ಕಂಡರೆ ಕಣ್ಣು ನೀರಾಡುತ್ತಿತ್ತು.

ತರೈವಿನಿ ನಮ್ಮಲ್ಲಿಗೆ ಬಂದದ್ದು ಆಗ. ರೇವಾ ನದಿಯ ದಂಡೆಯ ಹೆಂಗಸು, ಅರವತ್ತೊಂದು ವರ್ಷ. ಹದಿನೈದನೇ ವಯಸ್ಸಿನಿಂದ ನದಿಗಿಳಿದು ಕಪ್ಪೆಚಿಪ್ಪು ಆರಿಸಿ ನೌಸೋರಿ ಮಾರುಕಟ್ಟೆಯಲ್ಲಿ ಮಾರಿದವಳು. ಎಡಗಾಲು ಮೊಣಕಾಲ ಕೆಳಗೆ ಹೋಗಿತ್ತು. ಅಜ್ಜಿಯರನ್ನು ಕರೆಯುವಂತೆ ಎಲ್ಲರೂ ಅವಳನ್ನು 'ಬೂ' ಅನ್ನುತ್ತಿದ್ದರು. ಬಂದ ಐದೇ ನಿಮಿಷಕ್ಕೆ ಬೆಂಚಿನಲ್ಲಿದ್ದವರೆಲ್ಲ ಅವಳ ಮಾತಿಗೆ ನಗುತ್ತಿದ್ದರು.

"ಬೂ, ನೀವು ಎಲ್ಲಿ ನಡೀತೀರಿ?" ಅಂತ ಉನೈಸಿ ಕೇಳಿದಳು.

"ನದೀಲಿ."

"ನದಿ ಬಿಟ್ಟು?"

"ನದಿಯಿಂದ ಮನೆಗೆ. ಮನೆಯಿಂದ ಚರ್ಚಿಗೆ. ಚರ್ಚಿಂದ ಮತ್ತೆ ನದಿಗೆ. ಯಾಕೆ ಮಗಳೇ, ನಾನೇನು ವಿಮಾನದಲ್ಲಿ ಓಡಾಡೋ ಹಾಗೆ ಕಾಣ್ತೀನಾ?"

ಪೆಟ್ಟಿಗೆ ಕಟ್ಟಿ ಕಳಿಸಿದೆವು. ಎರಡು ವಾರದ ಮೇಲೆ ಹನ್ನೊಂದು ಸಾವಿರ ಚಿಲ್ಲರೆ ಹೆಜ್ಜೆ ತುಂಬಿಸಿಕೊಂಡು ವಾಪಸು ತಂದಳು. "ಶೌಚಕ್ಕೆ ಹೋಗುವಾಗಲೂ ಇದು ಜೊತೇಲಿ. ನನ್ನ ಗಂಡ ಬದುಕಿದ್ದಾಗಲೂ ಇಷ್ಟು ಹಿಂದೆ ಹಿಂದೆ ಸುತ್ತಿರ್ಲಿಲ್ಲ," ಅಂದಳು.

ಕಂಪ್ಯೂಟರು ಕೊಟ್ಟ ಕಾಲಿಗೆ ನೂರಕ್ಕೆ ತೊಂಬತ್ತೊಂದು ಅಂಕ. ಅಂಥ ಅಂಕ ನಾವು ಅದುವರೆಗೆ ಕಂಡಿರಲಿಲ್ಲ. ನಾನು ಅಕ್ಕರೆಯಿಂದ ಮಾಡಿದೆ, ನೀರು ಹೋಗದ ಹಾಗೆ ಎರಡು ಸಲ ಅಂಟು ಬಳಿದೆ. ಪಡಸಾಲೆಯಲ್ಲಿ ಬೂ ನಡೆದದ್ದು ನೋಡಿದರೆ ಯಾವುದು ದೇವರು ಕೊಟ್ಟ ಕಾಲು, ಯಾವುದು ಮಣಿಯಂ ಕೊಟ್ಟದ್ದು ಅಂತ ಹೇಳಲಾಗುತ್ತಿರಲಿಲ್ಲ.

ಒಂಬತ್ತನೇ ದಿನ ಸೊಸೆಯ ಹೆಗಲು ಹಿಡಿದುಕೊಂಡು ಬಂದಳು. ಮೊಣಕೈ ತರಚಿತ್ತು. ಕಾಲನ್ನು ಕಳಚಿ ನನ್ನ ಮೇಜಿನ ಮೇಲಿಟ್ಟಳು.

"ಏನ್ ಬೂ, ಬಿದ್ರಾ?"

"ನಾನು ಬೀಳ್ಲಿಲ್ಲಪ್ಪ. ನಿನ್ನ ಕಾಲು ಬಿತ್ತು, ನಾನು ಜೊತೆಗೆ ಹೋದೆ. ದಂಡೆ ಇಳೀವಾಗ ಒಂದು ಸಲ, ದೋಣಿ ಹತ್ತುವಾಗ ಒಂದು ಸಲ. ಈ ಕಾಲು ಪೇಟೇಲಿ ಹುಟ್ಟಿದ್ದು ಕಣೋ. ಸಿಮೆಂಟು ಕಂಡ್ರೆ ಕುಣಿಯುತ್ತೆ, ಕೆಸರು ಕಂಡ್ರೆ ಮುಖ ತಿರುಗಿಸುತ್ತೆ."

ಎಲ್ಲರೂ ನಕ್ಕರು. ಉನೈಸಿ ನಗಲಿಲ್ಲ. "ಇಸಾ, ಬೂ," ಅಂದಳು ಮೆಲ್ಲಗೆ. ಅಯ್ಯೋ ಅನ್ನುವುದಕ್ಕೆ ಅವರಲ್ಲಿ ಇರುವ ಮಾತು ಅದು. ಆಮೇಲೆ ಔಷಧಿ ತಂದು ತರಚಿದ ಜಾಗಕ್ಕೆ ತಾನೇ ಹಚ್ಚಿದಳು.

ಮಾರನೇ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಹೊತ್ತಿಗೇ ಅವಳು ಹೊರಗೆ ಕಾಯುತ್ತಿದ್ದಳು. ಕೈಯಲ್ಲಿ ಸುವಾ ಬಂದರಿನ ಉಬ್ಬರ ಇಳಿತದ ಪಟ್ಟಿ. ಬೂ ನದಿಗಿಳಿಯುವುದು ಇಳಿತ ಇದ್ದಾಗ ಮಾತ್ರ. ಪೆಟ್ಟಿಗೆ ಪ್ರತಿ ಹೆಜ್ಜೆಯ ಜೊತೆ ಹೊತ್ತನ್ನೂ ಬರೆದಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಯಾವ ಹೆಜ್ಜೆ ಎಲ್ಲಿಯದು ಅಂತ ಗುರುತು ಹಾಕುತ್ತಾ ಹೋದಳು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕರೆದಳು.

"ನೋಡಿ ಭೈಯಾ. ಹನ್ನೊಂದು ಸಾವಿರದಲ್ಲಿ ಒಂಬತ್ತೂವರೆ ಸಾವಿರ ಮನೆ, ಅಂಗಳ, ರಸ್ತೆ, ಮಾರುಕಟ್ಟೆ. ಎಲ್ಲ ಮಟ್ಟಸ ನೆಲ. ದಂಡೆ ಇಳಿದದ್ದು ನೂರಾ ಅರವತ್ತು ಹೆಜ್ಜೆ. ದೋಣಿಗೆ ಕಾಲಿಟ್ಟದ್ದು ಹದಿನೆಂಟು."

"ಸರಿ, ಅದಕ್ಕೇನೀಗ?"

"ಪ್ರೋಗ್ರಾಂ ಎಲ್ಲ ಹೆಜ್ಜೆಗಳ ತಪ್ಪನ್ನೂ ಕೂಡಿಸಿ ಸರಾಸರಿ ತೆಗೆಯುತ್ತೆ. ಆ ಹದಿನೆಂಟರಲ್ಲೂ ಬೂ ಬಿದ್ರೂ ಸರಾಸರಿ ಅಲ್ಲಾಡಲ್ಲ. ತೊಂಬತ್ತೊಂದು ತೊಂಬತ್ತೊಂದೇ. ಆದ್ರೆ ಬೀಳೋಕೆ ಒಂದೇ ಹೆಜ್ಜೆ ಸಾಕಲ್ವಾ ಭೈಯಾ?"

ಅವಳು ಪರದೆಯ ಕಡೆಗೇ ನೋಡುತ್ತಾ ಹೇಳಿದಳು: "ನಮ್ಮಮ್ಮನದೂ ಹೀಗೇ ಇರ್ತಿತ್ತು. ಒಲೆ ಮುಂದಿಂದ ಏಳೋ ಒಂದು ಹೆಜ್ಜೆ. ಹಿತ್ತಲ ಮೆಟ್ಟಿಲಿಂದ ಇಳಿಯೋದೊಂದು. ದಿನಕ್ಕೆ ನಾಲ್ಕು ಸಲವೋ ಐದು ಸಲವೋ. ಅಷ್ಟಕ್ಕೇ ಹೆದರಿ ಕಾಲನ್ನ ಗೋಡೆಗೆ ನೇತು ಹಾಕಿದ್ರು. ಯಾಕಮ್ಮಾ ಹಾಕ್ಕೊಳ್ಳಲ್ಲ ಅಂತ ನಾನು ಗದರ್ತಿದ್ದೆ. ಯಾವ ಹೆಜ್ಜೆ ಅಂತ ಒಂದು ದಿನಾನೂ ಕೇಳ್ಲಿಲ್ಲ."

ಅವಳ ಹೆಗಲ ಮೇಲೆ ಕೈ ಇಡೋಣ ಅನ್ನಿಸಿತು. ಪ್ಲಾಸ್ಟರ್ ಮೆತ್ತಿದ ಕೈ. ಟೀ ಮಾಡಿ ತಂದು ಅವಳ ಮುಂದೆ ಇಟ್ಟು ಬಂದೆ.

ಅವಳು ಮಾಡಲು ಹೊರಟದ್ದು ಕೇಳಲು ಸುಲಭ. ಸರಾಸರಿಯನ್ನೇ ಕಿತ್ತು ಹಾಕುವುದು. ಸಾವಿರಾರು ಹೆಜ್ಜೆಗಳಿಂದ ಕೆಲವನ್ನು ಆರಿಸಿ ಒಂದೊಂದನ್ನೂ ಒಂದೊಂದು ಗುರಿ ಅಂತ ಇಟ್ಟುಕೊಳ್ಳುವುದು. ದೋಣಿಯ ಹೆಜ್ಜೆ ಒಂದು ಗುರಿ, ಕೆಸರಿನ ಹೆಜ್ಜೆ ಇನ್ನೊಂದು ಗುರಿ. ಒಂದರ ಅಂಕವನ್ನು ಇನ್ನೊಂದಕ್ಕೆ ಕೂಡಿಸುವ ಹಾಗಿಲ್ಲ. ಒಂದು ಕಾಲನ್ನು ಬಿಸಾಡಬೇಕಾದರೆ, ಯಾವ ಹೆಜ್ಜೆಯಲ್ಲೂ ಅದಕ್ಕಿಂತ ಕಮ್ಮಿ ಇಲ್ಲದ, ಒಂದರಲ್ಲಾದರೂ ಅದನ್ನು ಮೀರಿಸುವ ಇನ್ನೊಂದು ಕಾಲು ಇರಬೇಕು. ಇಲ್ಲವಾದರೆ ಅದು ಉಳಿಯಬೇಕು.

ಮೊದಲು ನಲವತ್ತು ಹೆಜ್ಜೆ ಆರಿಸಿದಳು. ಪ್ರೋಗ್ರಾಮನ್ನು ತಿದ್ದಲು ಮೂರು ವಾರ ಹಿಡಿಯಿತು. ನಡೆಸಿ ನೋಡಿದರೆ ಇನ್ನೂರು ಕಾಲುಗಳಲ್ಲಿ ಒಂದೂ ಬಿದ್ದು ಹೋಗಲಿಲ್ಲ. ಯಾವ ಎರಡು ಕಾಲು ತೆಗೆದುಕೊಂಡರೂ, ನಲವತ್ತು ಹೆಜ್ಜೆಯಲ್ಲಿ ಯಾವುದೋ ಒಂದರಲ್ಲಿ ಇದು ತುಸು ಮೇಲು, ಇನ್ನೊಂದರಲ್ಲಿ ಅದು! ಎಲ್ಲವೂ ಉಳಿದವು. ನೂರು ಸುತ್ತಿಗೂ ಹಾಗೇ, ಮುನ್ನೂರು ಸುತ್ತಿಗೂ ಹಾಗೇ. ಒಳ್ಳೆಯದು ಕೆಟ್ಟದ್ದು ಅನ್ನುವ ಭೇದವೇ ಇಲ್ಲದೆ ಇನ್ನೂರು ಕಾಲು ಪರದೆಯ ಮೇಲೆ ಸಾಲಾಗಿ ನಿಂತುಬಿಟ್ಟವು.

ಅಪೆನಿಸಾ ಅವಳ ಹಿಂದೆ ನಿಂತು ನೋಡಿದ. "ಇನ್ನೂರು ಜನ ಕೂತ್ಕೊಂಡು ಒಂದು ತೀರ್ಮಾನಕ್ಕೂ ಬರದಿರೋದು ನಮ್ಮೂರ ಸಭೇಲಿ ಮಾತ್ರ ಅನ್ಕೊಂಡಿದ್ದೆ," ಅಂದ. ಆಮೇಲೆ ಮೆತ್ತಗಾಗಿ, "ಬಿಡು ಉನೈಸಿ, ಆಕೆಗೆ ಹಳೇ ತರಹದ ಕಾಲೊಂದು ಮಾಡಿಕೊಡೋಣ. ಊರುಗೋಲು ಹಿಡ್ಕೊಳ್ಳಲಿ," ಅಂದ.

"ಒಂದೇ ಒಂದು ವಾರ ಕೊಡಿ," ಅಂದಳು.

ಆ ವಾರ ಬೂ ಬಂದಳು, ಮೊಂಡುಗಾಲಿನ ಅಳತೆ ಮತ್ತೆ ತೆಗೆಯಬೇಕಿತ್ತು. ನಾನು ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಿದ್ದೆ. ಅದು ಗಟ್ಟಿಯಾಗುವವರೆಗೆ ಅಲ್ಲಾಡುವಂತಿಲ್ಲ, ಹಾಗಾಗಿ ಬೂ ಹಾಡು ಗುನುಗುತ್ತಾ ಕೂತಿದ್ದಳು. ಉನೈಸಿ ಎದುರಿನ ಮೇಜಿನಲ್ಲಿ ತಲೆ ಹಿಡಿದುಕೊಂಡಿದ್ದಳು.

"ಯಾಕೆ ಮಗಳೇ, ಹಲ್ಲು ನೋವಾ?"

"ಇಲ್ಲ ಬೂ. ನಿಮ್ಮ ಹೆಜ್ಜೆಗಳೇ. ನಲವತ್ತನ್ನೂ ಒಟ್ಟಿಗೆ ಕೂರಿಸಿಕೊಂಡು ಕೇಳ್ತಿದೀನಿ, ಯಾವ ಕಾಲನ್ನ ಬಿಡಬೇಕು ಅಂತ. ಒಂದೊಂದೂ ಒಂದೊಂದು ಹೇಳುತ್ತೆ. ತೀರ್ಮಾನವೇ ಆಗ್ತಿಲ್ಲ."

"ನಲವತ್ತನ್ನೂ ಒಟ್ಟಿಗೆ ಯಾಕೆ ಕೇಳ್ತೀಯಾ?" ಬೂ ಅಂದಳು. "ಇಪ್ಪತ್ತೆರಡು ವರ್ಷ ಚರ್ಚಿನ ಮೇಳ ನಡೆಸಿದೋಳು ನಾನು. ನಲವತ್ತು ಬಾಯಿ. ಎಲ್ಲವನ್ನೂ ಒಟ್ಟಿಗೆ ಕೇಳಿದ್ರೆ ಗದ್ದಲ, ಯಾರು ತಪ್ಪಿದ್ರು ಅಂತ ಗೊತ್ತೇ ಆಗಲ್ಲ. ಅದಕ್ಕೆ ಒಂದು ಚರಣಕ್ಕೆ ನಾಲ್ಕೇ ಜನರ ಕಡೆ ಕಿವಿ ಕೊಡ್ತಿದ್ದೆ. ಎತ್ತರದ ದನಿಯವರಲ್ಲಿ ಒಬ್ಬಳು, ಗಂಡಸರ ಕಡೆ ಒಬ್ಬ, ಹೀಗೆ ಒಂದೊಂದು ಸಾಲಿಂದ ಒಬ್ರು. ಮುಂದಿನ ಚರಣಕ್ಕೆ ಬೇರೆ ನಾಲ್ಕು ಜನ. ಯಾರ ಸರದಿ ಯಾವಾಗ ಅಂತ ಅವರಿಗೆ ಗೊತ್ತಿಲ್ಲ ನೋಡು, ಅದಕ್ಕೇ ಎಲ್ಲರೂ ನೆಟ್ಟಗೆ ಹಾಡ್ತಿದ್ರು. ಒಬ್ಬ ಮಾತ್ರ ಬರೀ ಬಾಯಿ ಆಡಿಸ್ತಿದ್ದ. ಅವನನ್ನ ಹಿಡಿಯೋಕೆ ಎರಡು ವಾರ ಬೇಕಾಯ್ತು."

"ಏನು ಮಾಡಿದ್ರಿ ಅವನನ್ನ?" ಅಂತ ನಾನು ಕೇಳಿದೆ.

"ಮದುವೆ ಆದೆ."

ನಾನು ನಕ್ಕ ರಭಸಕ್ಕೆ ಪ್ಲಾಸ್ಟರ್ ಪಟ್ಟಿ ಸಡಿಲಾಯಿತು. ಮತ್ತೆ ಮೊದಲಿಂದ ಸುತ್ತಬೇಕಾಯಿತು. ಉನೈಸಿ ಮಾತ್ರ ಆಗಲೇ ಪರದೆಯ ಕಡೆ ತಿರುಗಿ ಕೂತಿದ್ದಳು.

ಬೂ ನಡೆಯುವ ಜಾಗಗಳನ್ನು ಅವಳು ಎಂಟು ಪಾಲು ಮಾಡಿದಳು. ದಂಡೆ ಇಳಿಯುವುದು, ಹತ್ತುವುದು, ದೋಣಿಗೆ ಹೋಗಲು ಹಾಕಿದ ಹಲಗೆ, ದೋಣಿ, ಕೆಸರು, ಚರ್ಚಿನಲ್ಲಿ ಮಂಡಿಯೂರಿ ಏಳುವುದು, ಮನೆಯ ಚಾಪೆ, ಎಂಟನೆಯದು ಮಟ್ಟಸ ನೆಲ. ಒಂಬತ್ತೂವರೆ ಸಾವಿರ ಹೆಜ್ಜೆಗೂ ಒಂದೇ ಪಾಲು, ದೋಣಿಯ ಹದಿನೆಂಟಕ್ಕೂ ಒಂದೇ ಪಾಲು. ಪ್ರತಿ ಸುತ್ತಿನಲ್ಲೂ ಪ್ರೋಗ್ರಾಂ ಒಂದೊಂದು ಪಾಲಿನಿಂದ ಕಣ್ಣು ಮುಚ್ಚಿ ಒಂದೊಂದು ಹೆಜ್ಜೆ ಎತ್ತುತ್ತದೆ. ಆ ಸುತ್ತಿಗೆ ಆ ಎಂಟೇ ಗುರಿ. ಮುಂದಿನ ಸುತ್ತಿಗೆ ಬೇರೆ ಎಂಟು. ಅದೃಷ್ಟದಿಂದ ಒಂದು ಹೆಜ್ಜೆಯಲ್ಲಿ ಪಾರಾದ ಕಾಲು ಮುಂದಿನ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಈ ಸಲ ಕಾಲುಗಳು ಉದುರತೊಡಗಿದವು. ಮೊದಲ ಹತ್ತು ಸುತ್ತಿನಲ್ಲಿ ಸ್ವಲ್ಪ, ಆಮೇಲೆ ಮಳೆ ಬಿದ್ದ ಹಾಗೆ.

ಕೊನೆಗೆ ಉಳಿದದ್ದು ಒಂದು ಕಾಲಲ್ಲ, ಹದಿನೇಳು. ಒಂದು ದೋಣಿಗೆ ಎತ್ತಿದ ಕೈ, ಆದರೆ ಚಾಪೆಯ ಮೇಲೆ ತೊಡಕು. ಇನ್ನೊಂದು ದಂಡೆ ಹತ್ತುವುದರಲ್ಲಿ ಜೋರು, ಇಳಿಯುವುದರಲ್ಲಿ ಅಷ್ಟಕ್ಕಷ್ಟೆ. ಅವುಗಳಲ್ಲಿ ಯಾವುದು ಮೇಲು ಅಂತ ಲೆಕ್ಕ ಹೇಳುವುದಿಲ್ಲ.

"ಹಾಗಾದ್ರೆ ಯಾವುದನ್ನ ಮಾಡ್ಲಿ?" ಅಂತ ಕೇಳಿದೆ.

"ಅದು ನಾವು ಹೇಳೋದಲ್ಲ ಭೈಯಾ, ಬೂ ಹೇಳ್ಬೇಕು," ಅಂದಳು. "ಮೂರು ಮಾಡಿಕೊಡ್ತೀರಾ? ಒಂದಕ್ಕೊಂದು ದೂರ ಇರೋ ಮೂರು."

ಮೂರು ಕಾಲು ಅಂದರೆ ನನಗೆ ಎರಡು ವಾರದ ಕೆಲಸ. ಗೊಣಗಿದೆ. ಗೊಣಗುತ್ತಲೇ ಮಾಡಿದೆ.

ಬೂ ಮೂರನ್ನೂ ಮನೆಗೆ ತೆಗೆದುಕೊಂಡು ಹೋಗಿ ಒಂದೊಂದನ್ನು ನಾಲ್ಕು ನಾಲ್ಕು ದಿನ ಹಾಕಿದಳು. ಆಮೇಲೆ ಮೂರನ್ನೂ ಮೇಜಿನ ಮೇಲೆ ಮಲಗಿಸಿ ನಡುವಿನದನ್ನು ಮುಟ್ಟಿ ಹೇಳಿದಳು: "ಇದು. ಇದು ಹಾಕ್ಕೊಂಡ್ರೆ ಪ್ರಾರ್ಥನೆ ಮುಗಿದ ಮೇಲೆ ಯಾರ ಕೈಯೂ ಹಿಡೀದೆ ಏಳ್ತೀನಿ. ದೋಣೀಲಿ ಪರವಾಗಿಲ್ಲ, ಕೆಸರಲ್ಲಿ ಸರಿಯಾಗೇ ಇದೆ. ಮಾರುಕಟ್ಟೆ ಸಿಮೆಂಟಲ್ಲಿ ಮಾತ್ರ ಬಾತುಕೋಳಿ ಥರ ನಡೀತೀನಿ. ನಡೀತೀನಿ ಬಿಡು! ಅಲ್ಲಿ ನಗೋರು ನಗ್ಲಿ, ಕೂರೋಕೆ ಮಣೆ ಇದೆ."

ಆ ಹದಿನೇಳು ಕಾಲುಗಳಲ್ಲಿ ನಾನಾಗಿದ್ದರೆ ಅದನ್ನು ಆರಿಸುತ್ತಲೇ ಇರಲಿಲ್ಲ. ಯಾವ ಕಷ್ಟವನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಇಷ್ಟು ವರ್ಷ ನಾವೇ ತೀರ್ಮಾನ ಮಾಡುತ್ತಿದ್ದೆವಲ್ಲ ಅಂತ ಆವತ್ತು ಮನಸ್ಸು ಚುಚ್ಚಿತು.

ತೊಡಕು ಬಂದದ್ದು ಫಾರಮ್ಮಿನಲ್ಲಿ. ಪ್ರತಿ ಕಾಲಿಗೂ ಒಂದು ಹಾಳೆ ಮೇಲಿನ ಕಚೇರಿಗೆ ಹೋಗಬೇಕು. ಪಡಸಾಲೆಯಲ್ಲಿ ಆರು ನಿಮಿಷ ನಡೆಸಿ ಅಂಕ ಬರೆಯಬೇಕು, ಎಂಬತ್ತಕ್ಕೆ ಕಡಿಮೆ ಇದ್ದರೆ ಯಜಮಾನ ಸಹಿ ಹಾಕುವಂತಿಲ್ಲ. ಬೂಗೆ ಬಂದದ್ದು ಎಪ್ಪತ್ಮೂರು.

"ಆಗಲ್ಲ," ಅಂದ ಅಪೆನಿಸಾ. "ಕಂಪ್ಯೂಟರೇ ತೊಂಬತ್ತೊಂದು ಕೊಟ್ಟಿದ್ದ ಕಾಲನ್ನ ಕಿತ್ತು ಎಪ್ಪತ್ಮೂರರದ್ದನ್ನ ಕೊಟ್ಟೆ ಅಂತ ನಾನು ಹೇಗೆ ಸಹಿ ಹಾಕ್ಲಿ? ನಾಳೆ ಆಕೆ ಬಿದ್ದು ಸೊಂಟ ಮುರ್ಕೊಂಡ್ರೆ ನನ್ನ ಸಹಿ ತೋರಿಸ್ತಾರೆ."

"ತೊಂಬತ್ತೊಂದರಲ್ಲಿ ಬಿದ್ರಲ್ಲ ಬಾಸ್?"

"ಉನೈಸಿ, ನೀನು ಲೆಕ್ಕ ಮಾಡ್ತೀಯಾ. ನಾನು ಈ ಜನರನ್ನ ಮನೆಗೆ ಕಳಿಸ್ತೀನಿ. ಕಳಿಸಿದ ಮೇಲೆ ನನಗೆ ನಿದ್ದೆ ಬರ್ಬೇಕು."

ಅವಳು ವಾದಿಸಲಿಲ್ಲ. ಅವನು ಕೆಟ್ಟವನಲ್ಲ ಅಂತ ಅವಳಿಗೆ ಗೊತ್ತಿತ್ತು. "ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಳಿತ ಇದೆ," ಅಂದಳು. "ಒಂದು ಸಲ ಬಂದು ನೋಡ್ತೀರಾ? ನೋಡಿದ ಮೇಲೂ ಆಗಲ್ಲ ಅಂದ್ರೆ ನಾನು ಬಾಯಿ ಎತ್ತಲ್ಲ."

ಶನಿವಾರ ಅಪೆನಿಸಾನ ಹಳೆಯ ವ್ಯಾನಿನಲ್ಲಿ ಮೂವರೂ ಹೋದೆವು. ಊರಿಗೆ ಬರಿಗೈಲಿ ಹೋಗಬಾರದೆಂದು ಅಪೆನಿಸಾ ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟೊಂದನ್ನು ತಂದಿದ್ದ. ಹಿರಿಯರ ಮುಂದೆ ಅದನ್ನಿಟ್ಟು, ಹೇಳಬೇಕಾದ ನಾಲ್ಕು ಮಾತು ಹೇಳಿ, ಅವರಿಂದ ಒಪ್ಪಿಗೆಯ ಚಪ್ಪಾಳೆ ತಟ್ಟಿಸಿಕೊಂಡ ಮೇಲೆ ದಂಡೆಗೆ ಹೋದೆವು.

ಬೂ ನಮಗಾಗಿ ಕಾದಿರಲಿಲ್ಲ. ಇಳಿತ ಯಾರಿಗಾಗಿ ಕಾಯುತ್ತದೆ? ಒಳ್ಳೆಯ ಕಾಲಿಗೆ ರಬ್ಬರ್ ಬೂಟು. ಆ ಕಾಲಿಗೆ ಒಂದು ಚಿಪ್ಪು ತಾಗಿದರೂ ಗತಿ ಏನು ಅಂತ ಡಾಕ್ಟರು ಹೆದರಿಸಿದ್ದರು. ಇನ್ನೊಂದಕ್ಕೆ ನನ್ನ ಕಾಲು. ದಂಡೆಯ ಜಾರು ಮಣ್ಣಿನಲ್ಲಿ ಅಡ್ಡಡ್ಡ ಹೆಜ್ಜೆಯಿಡುತ್ತಾ ಇಳಿದಳು. ಹಲಗೆಯ ಮೇಲೆ ಒಂದು ಕ್ಷಣ ನಿಂತು ನೀರಿಗೆ ಉಗಿದಳು. ದೋಣಿಗೆ ಕಾಲಿಟ್ಟಳು. ದೋಣಿ ವಾಲಿತು, ಅವಳು ವಾಲಿದ ಕಡೆಗೇ ವಾಲಿ ಕೂತುಬಿಟ್ಟಳು. ಜೊತೆಯ ಹೆಂಗಸರು ಹುಟ್ಟು ಹಾಕಿದರು. ಮರಳ ದಿಬ್ಬದ ಹತ್ತಿರ ಸೊಂಟದ ನೀರಿಗೆ ಇಳಿದಳು. ಬಾಗಿ ಆರಿಸುತ್ತಾ ಆರಿಸುತ್ತಾ ನಾವು ದಂಡೆಯಲ್ಲಿದ್ದೇವೆ ಅನ್ನುವುದನ್ನೇ ಮರೆತಳು. ನಡುನಡುವೆ ಅವರ ನಗು ನೀರಿನ ಮೇಲೆ ತೇಲಿ ಬರುತ್ತಿತ್ತು.

ಎರಡು ತಾಸು ನಿಂತೆವು. ಬೂ ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ದಂಡೆ ಹತ್ತಿ ಬಂದಾಗ, ಆ ದೊಡ್ಡ ಆಳು ಎರಡು ಹೆಜ್ಜೆ ಮುಂದೆ ಹೋಗಿ ಕೈ ಚಾಚಿದ.

"ಬುಟ್ಟಿ ಹಿಡ್ಕೊ," ಅಂದಳು ಬೂ. "ನನ್ನನ್ನಲ್ಲ."

ಅವನು ಬುಟ್ಟಿ ಹಿಡಿದುಕೊಂಡ. ಆಮೇಲೆ ವ್ಯಾನಿನ ಬಾನೆಟ್ಟಿನ ಮೇಲೆ ಫಾರಂ ಇಟ್ಟು ಸಹಿ ಹಾಕಿದ. ಷರಾ ಬರೆಯುವ ಜಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದ: 'ಪಡಸಾಲೆಯಲ್ಲಿ ಎಪ್ಪತ್ಮೂರು. ನದಿಯಲ್ಲಿ ಅಳೆಯಲು ನಮ್ಮ ಹತ್ತಿರ ಫಾರಂ ಇಲ್ಲ. ಎರಡು ತಾಸು ನಿಂತು ಕಣ್ಣಾರೆ ನೋಡಿದ್ದೇನೆ.'

ಆ ಹಾಳೆ ಒಂದು ಸಲ ಪ್ರಶ್ನೆ ಹೊತ್ತು ವಾಪಸು ಬಂತು. ಉನೈಸಿ ಎಂಟು ಜಾಗ, ಎಂಟು ಅಂಕ ಬರೆದು ಇನ್ನೊಂದು ಹಾಳೆ ಲಗತ್ತಿಸಿ ಕಳಿಸಿದಳು. ಮತ್ತೆ ಯಾರೂ ಕೇಳಲಿಲ್ಲ. ಆಮೇಲೆ ಆ ಎರಡನೇ ಹಾಳೆ ನಮ್ಮಲ್ಲಿ ರೂಢಿಯಾಯಿತು. ಪ್ರೋಗ್ರಾಂ ಕಳಿಸಿದ್ದ ಉಪಕಾರಿಗಳಿಗೂ ಪತ್ರ ಬರೆದಳು. ಅವರು ಅವಳ ತಿದ್ದುಪಡಿ ತರಿಸಿಕೊಂಡು, ಓದು ಎಲ್ಲಿಯವರೆಗೆ ಅಂತ ಕೇಳಿದರು. ಅರ್ಧ ಅಂತ ಬರೆದಳು. ಉಳಿದರ್ಧವನ್ನು ಸಂಜೆಯ ತರಗತಿಗೆ ಸೇರಿ ನಲವತ್ತೊಂದನೇ ವಯಸ್ಸಿಗೆ ಮುಗಿಸಿದಳು.

ಆದರೆ ಆ ಶನಿವಾರದ ಮಾತು ಇನ್ನೂ ಸ್ವಲ್ಪ ಇದೆ. ಬೂ ನಮ್ಮನ್ನು ಊಟಕ್ಕೆ ಕೂರಿಸಿದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಕಪ್ಪೆಚಿಪ್ಪು, ಕೆಸುವಿನ ಗೆಡ್ಡೆ, ನಿಂಬೆಹಣ್ಣು, ಮೆಣಸಿನಕಾಯಿ. ನಾನೂ ಅಪೆನಿಸಾನೂ ನಾಚಿಕೆಯಿಲ್ಲದೆ ತಿಂದೆವು. ಉನೈಸಿ ಎರಡು ತುತ್ತು ತಿಂದಳೋ ಇಲ್ಲವೋ, ಗೋಡೆಗೆ ಒರಗಿದವಳು ಹಾಗೇ ಚಾಪೆಯ ಮೇಲೆ ಜಾರಿ ನಿದ್ದೆ ಹೋದಳು. ಕೈಯಲ್ಲಿ ಇನ್ನೂ ಚಿಪ್ಪು ಇತ್ತು.

ನಾನು ಎಬ್ಬಿಸಲು ಹೋದೆ. "ಏಳಮ್ಮ, ಹೊರಡೋ ಹೊತ್ತಾಯ್ತು."

"ಬಿಡು ಅವಳನ್ನ," ಅಂದಳು ಬೂ. ಪಿಸುಮಾತಲ್ಲಿ ಹೇಳಿದರೂ ಅದು ಮೇಳವನ್ನು ನಿಲ್ಲಿಸುವ ದನಿಯೇ. "ಎಷ್ಟು ದಿನದಿಂದ ಮಲಗಿಲ್ಲವೋ ಈ ಹುಡುಗಿ. ಇಲ್ಲೇ ಇರ್ಲಿ. ನಾಳೆ ಚರ್ಚಿಗೆ ಕರ್ಕೊಂಡು ಹೋಗ್ತೀನಿ."

"ಬಟ್ಟೆ ತಂದಿಲ್ಲ ಅವಳು."

"ನನ್ನ ಸೊಸೇದು ಇದೆ. ನೀವಿಬ್ರೂ ಹೊರಡಿ, ನೀವಿದ್ರೆ ಗೊರಕೆ ಹೊಡೀತೀರಿ."

ಅವಳ ಕೈಯಿಂದ ಚಿಪ್ಪನ್ನು ಬಿಡಿಸಿ, ತಲೆಯ ಕೆಳಗೆ ದಿಂಬು ಸರಿಸಿ, ಬೂ ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕತೊಡಗಿದಳು. ನಾವು ಚಪ್ಪಲಿ ಮೆಟ್ಟಿಕೊಂಡು ಸದ್ದಾಗದ ಹಾಗೆ ಹೊರಗೆ ಬಂದೆವು. ವ್ಯಾನು ರಸ್ತೆಗೆ ಬರುವವರೆಗೆ ಅಪೆನಿಸಾ ಎಂಜಿನ್ ಚಾಲೂ ಮಾಡಲಿಲ್ಲ. ನಾನು ಹಿಂದಿನಿಂದ ತಳ್ಳಿದೆ.

ಸೋಮವಾರ ಉನೈಸಿ ಒಂದು ತಾಸು ತಡವಾಗಿ ಬಂದಳು, ಬೂವಿನ ಸೊಸೆಯ ಹೂಹೂವಿನ ಉಡುಪಿನಲ್ಲಿ, ಕೈಯಲ್ಲಿ ನಮ್ಮಿಬ್ಬರಿಗೆಂದು ಕೊಟ್ಟು ಕಳಿಸಿದ ಮರಗೆಣಸಿನ ಸಿಹಿ ಕಡುಬು. ಬೆಂಚಿನಲ್ಲಿ ಬುವಾ ಕಡೆಯ ಒಬ್ಬ ಬಸ್ಸು ಚಾಲಕ ಕಾಯುತ್ತಿದ್ದ. ಅವಳು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು ಅವನ ಪಕ್ಕ ಹೋಗಿ ಕೂತಳು.

"ಹೇಳಿ ಅಣ್ಣ," ಅಂದಳು, "ದಿನಕ್ಕೆ ಎಷ್ಟು ಸಲ ಕ್ಲಚ್ ತುಳೀತೀರಿ?"